ಶಿವಲಿಂಗಮ್ಮ ಕೇಳಿದ್ದು

ಕೂಟಗಲ್, ಕ್ಲೋಸ್‌ಪೇಟೆ ಬಳಿ
ಅಕ್ಷಯ ಸಂವತ್ಸರದ ಮಾರ್ಗಶಿರ ಶುದ್ಧ ದಶಮಿ, ಡಿಸೆಂಬರ್ 1926

ಸಾತನೂರಿನ ಬಸಮ್ಮಕ್ಕನಿಗೆ ತಂಗಿ ವಿಮಲೆಯ ಶರಣು.

ಇಲ್ಲಿ ಎಲ್ಲರೂ ಸುಖವಾಗಿದ್ದೇವೆ ಎಂದು ಬರೆಯಬೇಕು, ಎಲ್ಲರೂ ಹಾಗೇ ಬರೆಯುತ್ತಾರೆ. ನಿನ್ನ ಕಾಗದ ನೋಡಿದ ಮೇಲೆ ಆ ಸುಳ್ಳು ನನ್ನಿಂದಾಗದು. ನಿನ್ನ ತಂಗಿಗೆ ಸತ್ತ ಸವತಿ ಮೆಟ್ಟಿಕೊಂಡಿದ್ದಾಳೆ, ಮೈಮೇಲೆ ಬಂದು ಮಾತಾಡಿದಳು ಎಂದು ಸಾತನೂರಿನವರೆಗೂ ಸುದ್ದಿ ಬಂದಿದೆಯಂತೆ. ರೇಷ್ಮೆಗೂಡು ಮಾರಲು ಹೋಗುವ ಗಂಡಸರ ಬಾಯಿ ಸರ್ಕಾರದ ಟಪಾಲಿಗಿಂತ ಚುರುಕು ಅನ್ನುವುದು ಈಗ ಖಾತ್ರಿಯಾಯಿತು. ನಡೆದದ್ದನ್ನು ನಾನೇ ಬರೆಯುತ್ತೇನೆ. ಓದಿ ಒಲೆಗೆ ಹಾಕು. ಮಾಗಡಿಗೆ ಬರೆಯುವಾಗ ಅಮ್ಮನಿಗೆ, ವಿಮಲೆ ಹೊಟ್ಟೆತುಂಬ ಉಣ್ಣುತ್ತಿದ್ದಾಳೆ ಎಂದಷ್ಟೇ ತಿಳಿಸು.

ನನಗಿಂತ ಮುಂಚೆ ಇವರ ಕೈಹಿಡಿದಿದ್ದ ಶಿವಲಿಂಗಮ್ಮ ಬಸುರಿಯಾಗಿದ್ದಾಗಲೇ ತೀರಿಕೊಂಡಳು ಎಂಬುದು ನಿನಗೆ ಗೊತ್ತು. ಅವಳ ಹೆಸರಿನ ಬೆಳ್ಳಿ ಬಿಲ್ಲೆ ನನ್ನ ಕೊರಳಲ್ಲಿ ತಾಳಿಯ ಪಕ್ಕದಲ್ಲೇ ಇದೆ. ಹಬ್ಬಕ್ಕೆ ಹೊಸ ಸೀರೆ ತಂದರೆ ಮೊದಲು ಆ ಬಿಲ್ಲೆಗೆ ಮುಟ್ಟಿಸಿ ಆಮೇಲೆ ನಾನು ಉಡಬೇಕು. ಅದೆಲ್ಲ ನನಗೇನೂ ಕಷ್ಟವಲ್ಲ, ಸತ್ತವಳ ಹತ್ತಿರ ಏನು ಜಗಳ? ಆದರೆ ಬಸುರು ನಿಂತ ಮೇಲೆ ನಾನು ದಿನೇ ದಿನೇ ಬಿಳಿಚಿಕೊಳ್ಳುತ್ತ ಬಂದೆ. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ಎದೆ ಡವಡವ ಎನ್ನುತ್ತಿತ್ತು, ಕಣ್ಣಿಗೆ ಕತ್ತಲೆ ಕಟ್ಟುತ್ತಿತ್ತು. ಮಲಗಿದರೆ ಕಿವಿಯ ಪಕ್ಕದಲ್ಲಿ ಯಾರೋ ಉಸಿರಾಡುವ ಸದ್ದು. ಮಗ್ಗುಲು ಬದಲಿಸಿದರೆ ಆ ಉಸಿರೂ ನನ್ನ ಜೊತೆಗೇ ಈಚೆ ಮಗ್ಗುಲಿಗೆ ಬರುತ್ತಿತ್ತು. ಅತ್ತೆ ನನ್ನ ಮುಖವನ್ನು ನೋಡಿ ನೋಡಿ, ‘ಅವ್ಳೂ ಹಿಂಗೇ ಬೆಳ್ಳಗಾಗಿ ಬೆಳ್ಳಗಾಗಿ ಹೋಗ್ಬುಟ್ಲು ಕಣವ್ವ’ ಎಂದರು. ಕಬ್ಬಿಣ ಇದ್ದ ಕಡೆ ಪೀಡೆ ಸುಳಿಯುವುದಿಲ್ಲ ಎಂದು ದಿಂಬಿನ ಕೆಳಗೆ ಕುಡುಗೋಲು ಇಟ್ಟರು. ನಾನು ಕುಡುಗೋಲಿನ ಮೇಲೆ ತಲೆಯಿಟ್ಟುಕೊಂಡು ಆ ಉಸಿರನ್ನು ಕೇಳುತ್ತ ಬಿದ್ದಿರುತ್ತಿದ್ದೆ. ನಿಜ ಹೇಳುತ್ತೇನೆ ಅಕ್ಕ, ಅದು ಶಿವಲಿಂಗಮ್ಮನೇ ಎಂದು ನಾನೂ ನಂಬಿದ್ದೆ.

ಕಾರ್ತಿಕದಲ್ಲಿ ಇವರು ನನ್ನನ್ನು ಕೆಂಗಲ್ ಹನುಮಂತರಾಯನ ದರ್ಶನಕ್ಕೆ ಕರೆದುಕೊಂಡು ಹೋದರು. ದೇವರ ಮುಂದೆ ಕೈಮುಗಿದು ನಿಂತವಳು ಹಾಗೇ ಕುಸಿದೆನಂತೆ. ಕಣ್ಣು ಬಿಟ್ಟಾಗ ಚನ್ನಪಟ್ಟಣದ ಆಸ್ಪತ್ರೆಯ ಬೆಂಚಿನ ಮೇಲಿದ್ದೆ. ಅಲ್ಲಿನ ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಜಗ್ಗಿ ಇವರಿಗೆ ತೋರಿಸಿದರು. ಕೆಂಪಗಿರಬೇಕಾದ ಕಡೆ ಸುಣ್ಣ ಬಳಿದ ಹಾಗಿತ್ತಂತೆ. ಉಗುರಿನ ಮೇಲೆ ಒಂದು ಹನಿ ನೀರು ಬಿಟ್ಟರು. ಗುಣಿ ಬಿದ್ದ ಉಗುರಿನಲ್ಲಿ ಹನಿ ಹರಿಯದೆ ನಿಂತಿತು. ರಕ್ತದಲ್ಲಿ ಕಬ್ಬಿಣ ಸಾಲದು, ಹೀಗೇ ಬಿಟ್ಟರೆ ಹೆರಿಗೆಯಲ್ಲಿ ತಾಯಿ ಮಗು ಎರಡೂ ಉಳಿಯುವುದು ಕಷ್ಟ ಎಂದರು. ಕಿವಿಯ ಉಸಿರಿನ ವಿಷಯ ಹೇಳಿದೆ. ಅದು ನನ್ನದೇ ರಕ್ತ ಓಡುವ ಸದ್ದಂತೆ, ನೀರಾದ ರಕ್ತ ಅವಸರವಾಗಿ ಓಡುತ್ತದಂತೆ. ಕಬ್ಬಿಣ ದಿಂಬಿನ ಕೆಳಗಿದ್ದು ಏನು ಬಂತು, ಹೊಟ್ಟೆಯೊಳಗೆ ಹೋಗಬೇಕಿತ್ತು!

ಆಮೇಲೆ ಅವರು ಕೇಳಿದರು, ‘ಮನೇಲಿ ನೀನು ಊಟ ಮಾಡೋದು ಯಾವಾಗಮ್ಮ?’ ಎಲ್ಲರದೂ ಆದ ಮೇಲೆ ಎಂದೆ. ‘ಆಗ ಏನು ಉಳಿದಿರುತ್ತೆ?’ ನಮ್ಮ ಮನೆಯ ಬಸ್ಸಾರು ನಿನಗೆ ಗೊತ್ತಲ್ಲ ಅಕ್ಕ. ಸೊಪ್ಪು ಕಾಳಿನ ಪಲ್ಯವೆಲ್ಲ ಗಂಡಸರ ತಣಿಗೆಗೆ, ನನ್ನ ಪಾಲಿಗೆ ಸಾರಿನ ತಳ ಮತ್ತು ಆರಿದ ಮುದ್ದೆ. ಡಾಕ್ಟರಮ್ಮ ಇವರ ಕಡೆ ತಿರುಗಿದರು. ನಾನು ಉಣ್ಣುವುದನ್ನು ಇವರು ಒಂದು ದಿನವಾದರೂ ನೋಡಿದ್ದರೆ ತಾನೇ ಹೇಳುವುದು. ಡಾಕ್ಟರಮ್ಮ ಒಂದು ಬಾಟಲಿ ಔಷಧ ಕೊಟ್ಟು, ನುಗ್ಗೆಸೊಪ್ಪು, ಹುರುಳಿಕಾಳು, ರಾಗಿ ದಿನವೂ ತಿನ್ನು, ಮೇಲೆ ನಿಂಬೆಹಣ್ಣು ಹಿಂಡಿಕೋ, ಬಿಸಿಯಿರುವಾಗಲೇ ಮೊದಲ ಪಂಕ್ತಿಯಲ್ಲಿ ಉಣ್ಣು ಎಂದರು. ಬಯಲ ಕಡೆ ಹೋಗುವಾಗ ಕಾಲಿಗೆ ಮೆಟ್ಟು ಹಾಕಬೇಕಂತೆ. ಬರಿಗಾಲಿನಿಂದ ಹತ್ತುವ ಹುಳ ಹೊಟ್ಟೆ ಸೇರಿ ರಕ್ತ ಕುಡಿಯುತ್ತದಂತೆ. ಔಷಧದಿಂದ ಬಹಿರ್ದೆಸೆ ಕಪ್ಪಾಗುತ್ತದೆ, ಹಲ್ಲೂ ಕಪ್ಪಾಗಬಹುದು, ಹೆದರಬೇಡ ಎಂದೂ ಹೇಳಿದ್ದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ಯಾರು ಕೇಳುತ್ತಾರೆ? ಸೊಪ್ಪು ಬಸುರಿಗೆ ಶೀತ. ಗಂಡಸರಿಗಿಂತ ಮುಂಚೆ ಸೊಸೆ ಉಂಡರೆ ಮನೆಗೆ ದರಿದ್ರ. ಮಾವನ ಎದುರು ಮೆಟ್ಟು ಹಾಕಿಕೊಂಡು ಓಡಾಡಿದರೆ ಊರು ನಗುತ್ತದೆ. ಔಷಧವೊಂದು ಮಾತ್ರ ಉಳಿಯಿತು. ಅದನ್ನು ಕುಡಿಯುತ್ತ ಒಂದು ವಾರವಾಗಿರಬಹುದು, ಅತ್ತೆಯ ಯಾವುದೋ ಮಾತಿಗೆ ನಾನು ನಕ್ಕೆ. ನನ್ನ ಕರೀ ಹಲ್ಲು ನೋಡಿ ಅವರು ಕೈಲಿದ್ದ ಮೊರ ಬಿಟ್ಟು ಕಿರುಚಿಕೊಂಡರು. ಬಾಟಲಿ ಸೀದಾ ತಿಪ್ಪೆಗೆ ಹೋಯಿತು. ಅಮಾವಾಸ್ಯೆಯ ಮಧ್ಯಾಹ್ನಕ್ಕೆ ದೆವ್ವ ಬಿಡಿಸುವ ಗವಿಸಿದ್ದಯ್ಯ ಬಂದ.

ಅವನು ಬೇವಿನ ಸೊಪ್ಪು, ಮೆಣಸಿನಕಾಯಿ ಹೊಗೆ ಎಲ್ಲ ಮುಗಿಸಿ ಅತ್ತೆಗೆ ಹೇಳಿದ, ‘ಇವ್ಳೊಳ್ಗೆ ಕುಂತು ಉಣ್ತಿರೋದು ಅದೇಯ. ಅನ್ನ ನಿಲ್ಲಿಸ್ರವ್ವ. ಹುಣ್ಣಿಮೆಗಂಟ ಹೊತ್ತಿಗಿಷ್ಟು ಗಂಜಿ ತಿಳಿ, ಅಷ್ಟೇಯ. ಹಸ್ಕೊಂಡ್ರೆ ತಾನೇ ಬುಟ್ಟೋಯ್ತದೆ.’ ಅತ್ತೆ ತಲೆಯಾಡಿಸಿದರು. ‘ಅವ್ಳಿಗೂ ಇದನ್ನೇ ಮಾಡ್ಸಿದ್ವಲ್ಲ ಸ್ವಾಮಿ’ ಎಂದರು. ಅಕ್ಕ, ಶಿವಲಿಂಗಮ್ಮನಿಗೂ ಅನ್ನ ನಿಲ್ಲಿಸಿದ್ದರು ಎಂದು ಯಾರೂ ನನಗೆ ಹೇಳಿರಲಿಲ್ಲ. ಆ ಗಳಿಗೆಯಲ್ಲೇ ಹೊಟ್ಟೆಯಲ್ಲಿ ಮಗು ಮೊದಲ ಸಲ ಮಿಸುಕಿತು. ಅದರ ಬಾಯಿಂದಲೂ ತುತ್ತು ಕಿತ್ತುಕೊಳ್ಳುತ್ತಾರೆ ಎಂದು ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಡಾಕ್ಟರಮ್ಮನ ಮಾತಿಗೂ ನನ್ನ ಮಾತಿಗೂ ಈ ಮನೆಯಲ್ಲಿ ಬೆಲೆಯಿಲ್ಲ. ಬೆಲೆಯಿದ್ದದ್ದು ಸತ್ತವಳೊಬ್ಬಳ ಮಾತಿಗೆ. ಸರಿ, ನಾನು ಕೂದಲು ಬಿಚ್ಚಿಕೊಂಡು ಅವಳೇ ಆದೆ.

‘ನಾನು ಶಿವಲಿಂಗಿ’ ಎಂದೆ. ಮಾವ ಎದ್ದು ಗೋಡೆಗೆ ಒರಗಿದರು. ಗವಿಸಿದ್ದಯ್ಯ ಉಬ್ಬಿಹೋಗಿ, ಏನು ಬೇಕು ಬೊಗಳು ಎಂದ. ‘ಹೊಟ್ಟೆ ಹಸೀತೈತೆ. ಎಲ್ಲಾರ್ಗಿಂತ ಮೊದ್ಲು ಇವ್ಳಿಗೆ ಉಣ್ಣಕ್ಕಿಕ್ಕಿ. ಬಿಸಿ ಮುದ್ದೆ, ನುಗ್ಗೆಸೊಪ್ಪು, ಹುರುಳಿಕಾಳು. ನಿಂಬೆಹಣ್ಣು ಮರೀಬ್ಯಾಡಿ. ಆ ಕರೀ ಔಸ್ತ ನಂದು, ಅದುನ್ನ ಚೆಲ್ಲಿದ್ರೆ ನಾನು ಈ ಮನೆ ಬುಟ್ಟು ಹೋಗಕ್ಕಿಲ್ಲ.’ ಇನ್ನೇನು ಎಂದ. ‘ಕಾಲಿಗೆ ಮೆಟ್ಟು’ ಎಂದೆ. ಅವನು ಬೆಪ್ಪಾದ. ದೆವ್ವ ಕೋಳಿ ಕೇಳುವುದು, ಸೀರೆ ಕೇಳುವುದು ಅವನಿಗೆ ಗೊತ್ತು, ಮೆಟ್ಟು ಕೇಳಿದ್ದು ಇದೇ ಮೊದಲಿರಬೇಕು. ‘ನಿಂಗ್ಯಾಕೆ ಮೆಟ್ಟು?’ ಎಂದ. ‘ಇವ್ಳ ಕಾಲು ಅಂದ್ರೆ ನನ್ ಕಾಲೇ ಅಲ್ವಾ, ಮುಳ್ಳು ಚುಚ್ತದೆ’ ಎಂದೆ. ನೀನು ಅಲ್ಲಿದ್ದಿದ್ದರೆ ನಗು ತಡೆಯಲಾರದೆ ನನ್ನನ್ನು ಹಿಡಿದುಕೊಡುತ್ತಿದ್ದೆ.

ಮಾರನೆಯ ದಿನವೇ ಇವರು ಚನ್ನಪಟ್ಟಣಕ್ಕೆ ಹೋಗಿ ಹೊಸ ಬಾಟಲಿ ತಂದರು. ಮೆಟ್ಟನ್ನು ನನ್ನ ಕಾಲ ಬಳಿ ಇಟ್ಟು, ‘ಅವಳು ನಿನ್ ಕಿವೀಲಿ ನನ್ ವಿಚಾರ ಏನಾರ ಅಂದ್ಲಾ?’ ಎಂದು ಕೇಳಿದರು. ನಾನು ಇಲ್ಲವೆಂದೆ. ಅವರ ಮುಖ ನೋಡಿ ನನಗೆ ಬಹಳ ಸಂಕಟವಾಯಿತು. ಏನಾದರೂ ಒಂದು ಒಳ್ಳೆಯ ಮಾತು ಹೇಳಿಬಿಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಈಗ ನನ್ನ ಊಟ ಮೊದಲ ಪಂಕ್ತಿಯಲ್ಲಿ. ಏದುಸಿರು ಇನ್ನೂ ಇದೆ, ರಕ್ತ ತುಂಬಲು ತಿಂಗಳುಗಳೇ ಬೇಕಂತೆ. ಕಿವಿಯ ಸದ್ದು ಕಡಿಮೆಯಾಗಿದೆ. ಕಡಿಮೆಯಾದದ್ದಕ್ಕೆ ಸಂತೋಷಪಡಬೇಕು, ಪಡುತ್ತೇನೆ. ಆದರೂ ಮಲಗಿದಾಗ ಒಮ್ಮೊಮ್ಮೆ ಆ ಉಸಿರಿಗಾಗಿ ಕಾಯುತ್ತೇನೆ. ಏಳನೇ ತಿಂಗಳಿಗೆ ನೀನೇ ಬಂದು ನನ್ನನ್ನು ಮಾಗಡಿಗೆ ಕರೆದುಕೊಂಡು ಹೋಗು. ನಿನ್ನ ಕೈ ಹಿಡಿದುಕೊಂಡರೆ ನನಗೆ ಧೈರ್ಯ. ಬರುವುದನ್ನು ಮಾತ್ರ ತಪ್ಪಿಸಬೇಡ.

ನಿನ್ನ ಪ್ರೀತಿಯ ಕರೀ ಹಲ್ಲಿನ ತಂಗಿ,
ವಿಮಲೆ

ತಾ.ಕ.: ಒಂದು ಮಾತನ್ನು ಮೇಲೆ ಬರೆಯದೆ ಬಿಟ್ಟೆ, ಕೈ ಬರಲಿಲ್ಲ. ಅವತ್ತು ಎಲ್ಲ ಮುಗಿದು ಗವಿಸಿದ್ದಯ್ಯ ನನ್ನ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಅತ್ತೆ ಪಕ್ಕದಲ್ಲಿ ಬಂದು ಕೂತು, ‘ಬರೀ ತಿಳಿ ಕೊಟ್ವಲ್ಲವ್ವ, ಅಷ್ಟು ದಿನ ಏನ್ ತಿಂದ್ಕೊಂಡು ಜೀವ ಹಿಡ್ದಿದ್ದೆ?’ ಎಂದು ಕೇಳಿದರು. ಅದಕ್ಕೆ ನಾನು ಏನೂ ಯೋಚಿಸಿಟ್ಟುಕೊಂಡಿರಲಿಲ್ಲ. ಬಾಯಿ ತಾನಾಗಿ ಆಡಿತು: ‘ಗೋಡೆ ತಿಂದೆ ಕಣತ್ತೆ. ಕಣಜದ ಹಿಂದೆ ಐತೆ, ನೋಡೋಗಿ.’ ರಾಗಿ ಕಣಜದ ಹಿಂದಿನ ಸಂದಿಯಲ್ಲಿ ಒಂದು ಕೈ ಹೋದರೆ ಹೆಚ್ಚು, ಚೇಳಿನ ಭಯಕ್ಕೆ ನಾನು ಒಂದು ದಿನವೂ ಅಲ್ಲಿ ಕೈ ಹಾಕಿದವಳಲ್ಲ. ಇವರು, ಮಾವ, ಆಳುಗಳು ಸೇರಿ ಕಣಜ ಸರಿಸಿದರು. ಕೂತವರ ಕೈಗೆಟುಕುವ ಎತ್ತರದಲ್ಲಿ ಮಣ್ಣಿನ ಗೋಡೆ ಒಂದು ಪಾತ್ರೆಯಷ್ಟು ಆಳ ಕೆರೆದುಹೋಗಿತ್ತು. ಉಗುರಿನ ಗೆರೆಗಳು ಹಾಗೇ ಇದ್ದವು. ಅತ್ತೆ ಆ ಗೆರೆಗಳೊಳಗೆ ತಮ್ಮ ಬೆರಳಿಟ್ಟು ಊರಿಗೆಲ್ಲ ಕೇಳುವ ಹಾಗೆ ಅತ್ತರು. ನಾನು ಯಾರನ್ನು ಅಣಕಿಸಿದೆ, ಯಾರು ನನ್ನಿಂದ ಆಡಿಸಿದರು, ನನಗೆ ತಿಳಿಯದು ಅಕ್ಕ. ಅವಳು ನನ್ನ ರಕ್ತ ಕುಡಿಯಲು ಬಂದವಳಲ್ಲ, ಅಷ್ಟು ಮಾತ್ರ ಗೊತ್ತು. ಇವತ್ತು ಬಿಸಿ ಮುದ್ದೆ ಬಡಿಸುತ್ತ ಅತ್ತೆ, ‘ಇನ್ನೊಂದ್ ತುತ್ತು ಉಣ್ಣವ್ವ ಶಿವಲಿಂಗಿ’ ಎಂದರು. ನಾನು ‘ಹೂಂ ಅತ್ತೆ’ ಎಂದು ತಣಿಗೆ ಮುಂದೆ ನೀಡಿದೆ.