ಉಪ್ಪಿನ ಬಯಲನ್ನು ಒಂದು ಗೇಣು ಎತ್ತಿದ್ದು

ಸೆಪ್ಟೆಂಬರ್ 9, ಮಂಗಳವಾರ

ಬೆಳಗಿನ ಪಂಚಾಯಿತಿ ಸೇರಿತು. ಹಾಜರಿದ್ದವರು: ಮೂರು ಕಾಲಿನ ದೊರೆ, ಅಂದರೆ ಜಿಪಿಎಸ್ ಹೊತ್ತ ಟ್ರೈಪಾಡ್, ಮತ್ತು ಏಕೈಕ ಪ್ರಜೆ, ತ್ಶೆನೊಲೊ ಎಂಬ ನಾನು. ದೊರೆ ಅಲುಗಿದರೆ ಸುವಾ ಬಯಲಿನ ನಕ್ಷೆಯೇ ಅಲುಗುತ್ತದೆ. ಆದ್ದರಿಂದ ಕಾವಲು. ಸುತ್ತ ಕಣ್ಣು ಚುಚ್ಚುವ ಉಪ್ಪು. ನೊಣವೂ ಬರುವುದಿಲ್ಲ.

ಮಧ್ಯಾಹ್ನ ರೇಡಿಯೊದಲ್ಲಿ ಸೆಗಮೆತ್ಸಿ. ಸೋಡಾ ಕಾರ್ಖಾನೆಯ ಹೊಸ ಕಾಲುವೆಗಾಗಿ ದೊರೆಯ ಎತ್ತರವನ್ನೇ ಆಧಾರವಾಗಿಟ್ಟು ಬಯಲಿನ ಏರಿಳಿತ ಅಳೆಯುತ್ತ ಎಲ್ಲೋ ದೂರದಲ್ಲಿದ್ದಾಳೆ. ದೂರವಿದ್ದರೂ ಮರ್ಯಾದೆಗೆ ಕೊರತೆಯಿಲ್ಲ: ಮೊದಲು ದುಮೇಲಾ ಎಂಬ ನಮಸ್ಕಾರ, ಗಂಡಸಿಗೆ ರ್ರಾ, ಹೆಂಗಸಿಗೆ ಮ್ಮಾ.

"ದುಮೇಲಾ, ರ್ರಾ. ನಿದ್ದೆ ಬಂತಾ?"

"ದುಮೇಲಾ, ಮ್ಮಾ. ಎಲ್ಲಿ ಬರುತ್ತೆ? ದೊರೆ ಗೊರಕೆ ಹೊಡೀತಾರೆ."

ನಕ್ಕಳು. ಇವತ್ತಿಗೆ ಇಷ್ಟೇ ಮನುಷ್ಯ ದನಿ.

ಸೆಪ್ಟೆಂಬರ್ 12

ರೇಡಿಯೊದಲ್ಲಿ ಸೆಗಮೆತ್ಸಿ: "ನಾಳೆ ಮುಗೀತು ಕಣೋ. ಭಾನುವಾರ ನಾನು ಫ್ರಾನ್ಸಿಸ್‌ಟೌನ್‌ನಲ್ಲಿರ್ತೀನಿ. ನಕ್ಷೆ ಸರಿ ಬಂದ್ರೆ ಕೆಲಸ ಕಾಯಂ ಅಂತೆ!"

ದೊರೆಯ ಪರವಾಗಿ ಅಭಿನಂದಿಸಿದೆ. ನಾನು ಇಲ್ಲೇ. ಹೊಸ ತಂಡ ಬರುವವರೆಗೆ. ಯಾವಾಗ ಅಂತ ಯಾರೂ ಹೇಳಿಲ್ಲ...

ಗಂಜಿ ಸೀದಿತು. ತಿಂದೆ.

ಸೆಪ್ಟೆಂಬರ್ 13, ಬೆಳಗ್ಗೆ

ದೊರೆಯ ಎತ್ತರ ಅಳೆದು ಯಂತ್ರಕ್ಕೆ ತುಂಬುವುದು ನನ್ನ ಅಧಿಕಾರ. ಒಂದು ಗೇಣು ಹೆಚ್ಚಿಗೆ ತುಂಬಿದೆ. ಬಯಲಿಗೆ ಬಯಲೇ ಮೇಲೆದ್ದಿತು — ಯಾವ ಪ್ರವಾದಿಯೂ ಮಾಡದ ಪವಾಡ! ಇವತ್ತಿನ ಅಳತೆ ನಿನ್ನೆಯದಕ್ಕೆ ಕೂಡುವುದಿಲ್ಲ. ಮತ್ತೆ ಅಳೆಯಬೇಕು. ಅವಳು ಉಳಿಯಬೇಕು.

ಅದೇ ದಿನ, ಸಂಜೆ

ರೇಡಿಯೊ. ದುಮೇಲಾ ಇಲ್ಲ. ನಮ್ಮಲ್ಲಿ ಸಾಲ ಮುಳುಗಿಸಿದವನಿಗೂ ದುಮೇಲಾ ಹೇಳುತ್ತಾರೆ.

"ಎತ್ತರ ಎಷ್ಟು ಹಾಕಿದ್ದೀಯ?"

"ಮೊದಲು ದೊರೆಗೆ ನಮಸ್ಕಾರ—"

"ತ್ಶೆನೊಲೊ! ಸರ್ವೆ ಸಾಹೇಬ್ರು ಪಕ್ಕದಲ್ಲೇ ಇದಾರೆ. ಬಯಲಿನ ಮಧ್ಯೆ ಮೆಟ್ಟಿಲು ಎಲ್ಲಿಂದ ಬಂತು ಅಂತಾರೆ. ನನಗೆ ಅಳೆಯೋಕೇ ಬರಲ್ವಂತೆ."

ರೇಡಿಯೊದ ಗುಂಡಿ ಒತ್ತಿದೆ.

"ಅವರಿಗೇ ರೇಡಿಯೊ ಕೊಡಿ, ಮ್ಮಾ... ರ್ರಾ, ಗೇಣು ನನ್ನದು. ಬೇಕಂತಲೇ ಹಾಕಿದ್ದು."

ಸಾಹೇಬರು ಬಯ್ಯಲೂ ಇಲ್ಲ. "ಗಂಟುಮೂಟೆ ಕಟ್ಟು" ಎಂದರು. ಆಮೇಲೆ ಆಚೆ ತಿರುಗಿ ಅವಳಿಗೆ: "ಒಂದು ಗೇಣು ಕಳೆದುಬಿಡಮ್ಮ. ಮತ್ತೆ ಅಳೆಯೋದೇನೂ ಬೇಡ."

ಅಷ್ಟೇ. ಒಂದು ಕಳೆಯುವ ಲೆಕ್ಕ. ಇದು ನನಗೆ ಹೊಳೆದಿರಲೇ ಇಲ್ಲ.

ಸೆಪ್ಟೆಂಬರ್ 14, ಭಾನುವಾರ

ದೂಳು ಕಂಡಿತು. ಬಿಸಿಲ್ಗುದುರೆ ಅಂದುಕೊಂಡೆ. ಅಲ್ಲ, ಪಿಕಪ್ ಗಾಡಿ. ಓಡಿಸುತ್ತಿರುವುದು ಸೆಗಮೆತ್ಸಿ. ಫ್ರಾನ್ಸಿಸ್‌ಟೌನ್‌ಗೆ ಹೋಗುವ ದಾರಿಯಲ್ಲಿ ನನ್ನನ್ನೂ ಒಯ್ಯಲು ಹೇಳಿರಬೇಕು. ಇಳಿಯಲಿಲ್ಲ. ಎಂಜಿನ್ನೂ ಆರಿಸಿಲ್ಲ. ಹಾರ್ನ್ ಹೊಡೆದಳು.

ಹಾಸಿಗೆ, ಪಾತ್ರೆ ಹಿಂದೆ ಹಾಕಿಯಾಯಿತು. ಏನೋ ಮರೆತವನಂತೆ ಟೆಂಟಿಗೆ ಮರಳಿ ಇದನ್ನು ಗೀಚುತ್ತಿದ್ದೇನೆ. ನಾನೂ ಸಾಮಾನಿನ ಜೊತೆ ಹಿಂದೆಯೇ ಹತ್ತಬೇಕೋ, ಅಥವಾ ಮುಂದೆ, ಅವಳ ಪಕ್ಕ—

ಮತ್ತೆ ಹಾರ್ನ್. ಈಗ ಮುಂದಿನ ಬಾಗಿಲು, ಅವಳ ಪಕ್ಕದ್ದು, ತೆರೆದುಕೊಂಡಿತು.