ನಾಯಿಗೆ ಒಂದು ಜೀವಗಾಜು

ಧಾರವಾಡ,
ಫೆಬ್ರವರಿ ೩೦, ೨೧೭೮

ಇಲಿ, ಮೊಲ, ನಾಯಿಗಳ ಮೇಲೆ ಔಷಧ ಪರೀಕ್ಷಿಸುತ್ತಿರುವ ಕಾಲದ ಹಿರಿಯರಿಗೆ ಸುಗಲಾ ಹೊಂಬಳ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮವರು ಎಲ್ಲ ತಿಂಗಳಿಗೂ ಮೂವತ್ತು ದಿನ ಹಂಚಿಬಿಟ್ಟಿದ್ದಾರೆ. ಮಿಕ್ಕ ದಿನಗಳನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸಲು ಒಂದು ಸಮಿತಿ ಇನ್ನೂ ಕೂತಿದೆ. ಸಮಿತಿಗಳ ವಿಷಯದಲ್ಲಿ ನಿಮಗೂ ನಮಗೂ ಹೆಚ್ಚು ವ್ಯತ್ಯಾಸ ಇರಲಾರದು. ನನ್ನ ಬರವಣಿಗೆಯಲ್ಲಿ ನೀವು ಕೇಳಿರದ ಪದಗಳು ಬಂದಾವು. ಕ್ಷಮಿಸಿ, ಬಂದಲ್ಲೇ ಬಿಡಿಸಿ ಹೇಳುತ್ತೇನೆ.

ನಾನು ಇಲ್ಲಿನ ಜೀವಗಾಜಿನ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಜೀವಗಾಜು ಎಂದರೆ ಅಂಗೈಯಲ್ಲಿ ಹಿಡಿಸುವಷ್ಟು ಗಾಜಿನ ಚೂರು. ಅದರೊಳಗಿನ ಕೂದಲೆಳೆಯಂಥ ಕಾಲುವೆಗಳಲ್ಲಿ ಮನುಷ್ಯರ ಯಕೃತ್ತು, ಹೃದಯ, ಮೂತ್ರಪಿಂಡಗಳ ಜೀವಕೋಶಗಳು ಬದುಕಿರುತ್ತವೆ. ಇದರ ಮೊಳಕೆ ನಿಮ್ಮ ಕಾಲದಲ್ಲೇ ಒಡೆದಿತ್ತಂತೆ. ಬೆಳಿಗ್ಗೆ ಹೋದ ಕೂಡಲೇ ಗಾಜುಗಳಿಗೆ ಪೋಷಕದ್ರವ ಹನಿಸುವುದು ನನ್ನ ಮೊದಲ ಕೆಲಸ. ನಾವು ಅದನ್ನು ಅಂಬಲಿ ಎಂದೇ ಕರೆಯುತ್ತೇವೆ. ಪ್ರತಿ ಗಾಜಿನ ಮೇಲೂ ಕೋಶ ಕೊಟ್ಟವರ ಹೆಸರಿರುತ್ತದೆ. ನನ್ನ ಸೋದರತ್ತೆಯದೂ ಒಂದಿದೆ. ಹೊಸ ಗುಳಿಗೆ ಬಂದಾಗ ಅತ್ತೆ ಮನೆಯಲ್ಲಿ ಹಾಯಾಗಿ ಉಪ್ಪಿಟ್ಟು ತಿನ್ನುತ್ತಿರುತ್ತಾರೆ, ಅದನ್ನು ನುಂಗಿ ಒದ್ದಾಡುವುದು ಅವರ ಗಾಜು. ಯಾವ ಪ್ರಾಣಿಗೂ ನೋವಿಲ್ಲ. ವರ್ಷಕ್ಕೊಮ್ಮೆ ತಲೆಬಾಗುವ ದಿನ ಎಂದು ಆಚರಿಸುತ್ತೇವೆ. ಶಾಲೆಯ ಮಕ್ಕಳು ಅಂಗಳದ ತುಂಬ ಇಲಿ, ಮೊಲಗಳ ರಂಗೋಲಿ ಹಾಕುತ್ತಾರೆ. ನಿಮ್ಮ ಪಂಜರಗಳಲ್ಲಿ ಸತ್ತವುಗಳಿಗಾಗಿ ನಾವೆಲ್ಲ ಎದ್ದು ನಿಂತು ತಲೆ ಬಾಗಿಸುತ್ತೇವೆ, ಆಮೇಲೆ ಗಿರಮಿಟ್ಟು ತಿಂದು ಮನೆಗೆ ಹೋಗುತ್ತೇವೆ. ನಮ್ಮಷ್ಟು ಕರುಣೆಯ ಜನ ಹಿಂದೆ ಹುಟ್ಟಿರಲಿಲ್ಲ ಎಂಬ ಜಂಬ ನನಗೂ ಇತ್ತು.

ಕಳೆದ ವಾರ ನಮ್ಮ ನಾಯಿ ಚಂಪಿ ಅನ್ನ ಬಿಟ್ಟಿತು. ಕಣ್ಣಿನ ಬಿಳಿಭಾಗ ಅರಿಶಿನ ಹಚ್ಚಿದ ಹಾಗೆ ಹಳದಿಯಾಯಿತು. ಕಾಮಾಲೆ. ಮನುಷ್ಯರಿಗೆ ಇಂಥದ್ದು ಬಂದರೆ ನಮ್ಮ ಕೇಂದ್ರದಲ್ಲೇ ಪರೀಕ್ಷೆಯಾದ ಒಂದು ಹನಿಮದ್ದಿದೆ, ನಾಲ್ಕು ದಿನದಲ್ಲಿ ಎದ್ದು ಓಡಾಡುತ್ತಾರೆ. ಆದರೆ ನಮಗೆ ಒಗ್ಗಿದ್ದು ನಾಯಿಯ ಹೊಟ್ಟೆಯಲ್ಲಿ ವಿಷವಾಗಬಹುದು. ನಾನು ಪಶುಬಂಧುವನ್ನು ಕರೆಸಿದೆ. ನಿಮ್ಮ ಪಶುವೈದ್ಯರ ಜಾಗದಲ್ಲಿ ಈಗ ಇರುವವರು ಇವರೇ. ಮೈ ನೇವರಿಸುತ್ತಾರೆ, ಮನೆಯವರಿಗೆ ಸಮಾಧಾನ ಹೇಳುತ್ತಾರೆ. ಬಂದ ಬಸಲಿಂಗ ಒಳ್ಳೆಯ ಹುಡುಗ. “ಅಕ್ಕಾರ, ಔಷಧ ಕೊಟ್ರ ನನ್ನ ಸನದು ಹೋಗ್ತದ್ರಿ. ಕೊಡೂಣು ಅಂದ್ರೂ ಎಷ್ಟು ಕೊಡಬೇಕಂತ ಯಾರಿಗೆ ಗೊತ್ತೈತ್ರಿ? ಬಾಜೂಕ ಕೂತಿರ್ತೇನಿ, ಅಷ್ಟ” ಎಂದ. ಕೂತ, ಕಣ್ಣೊರೆಸಿಕೊಂಡು ಹೋದ.

ಹೀಗಾದದ್ದು ಕ್ರೌರ್ಯದಿಂದಲ್ಲ, ಒಳ್ಳೆಯತನದಿಂದ. ಒಪ್ಪಿಗೆ ಹೇಳಲಾರದ ಜೀವದ ಮೈಗೆ ಸೂಜಿ ತಾಗಬಾರದು ಎಂದು ನಮ್ಮ ಅಜ್ಜಂದಿರು ಕಾನೂನು ಮಾಡಿದರು. ಹಾಗಾಗಿ ನಾಯಿಯ ಕೋಶ ತೆಗೆಯುವ ಹಾಗಿಲ್ಲ, ನಾಯಿಗೆ ಜೀವಗಾಜು ಇಲ್ಲ. ಪರೀಕ್ಷೆಯಾಗದ ಮದ್ದನ್ನು ಪ್ರಾಣಿಗೆ ಕೊಡಬಾರದು ಎಂಬುದು ಇನ್ನೊಂದು ಕಾನೂನು. ಹೋಗಲಿ, ನೀವು ಕಂಡುಕೊಂಡದ್ದನ್ನು ಓದೋಣವೆಂದರೆ ಅದೂ ಉಳಿದಿಲ್ಲ. ಹಿಂಸೆಯಿಂದ ಬಂದ ತಿಳಿವಳಿಕೆ ಬೇಡವೆಂದು ನಾಚಿಕೆಯಿಂದ ಎಲ್ಲವನ್ನೂ ಅಳಿಸಿಹಾಕಿದರು. ನಿಮ್ಮ ಪಂಜರದ ನಾಯಿಗಳು ನರಳಿ ನರಳಿ ಕಲಿಸಿಹೋದ ಪಾಠ ಅವುಗಳ ವಂಶಕ್ಕೇ ದಕ್ಕಲಿಲ್ಲ. ತಲೆಬಾಗುವ ದಿನದ ನೆನಪಾದರೆ ಈಗ ನನಗೆ ಮೈ ಉರಿಯುತ್ತದೆ. ಸತ್ತ ನಾಯಿಗಳಿಗೆ ರಂಗೋಲಿ ಹಾಕಿದೆವು, ಬದುಕಿರುವ ನಾಯಿಗೆ ಒಂದು ಹನಿ ಮದ್ದು ಹುಡುಕಲಿಲ್ಲ.

ಅದಕ್ಕೇ ನಿಮ್ಮನ್ನು ಬೇಡಿಕೊಳ್ಳುತ್ತಿದ್ದೇನೆ. ಪಂಜರಗಳನ್ನು ತೆರೆಯಿರಿ, ಬೇಗ ತೆರೆಯಿರಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ನಾಯಿಯನ್ನು ಹೊರಗೆ ಬಿಡುವ ಮುನ್ನ ಅದರ ಒಂದಿಷ್ಟು ಜೀವಕೋಶ ತೆಗೆದಿಡಿ. ಬೆಕ್ಕಿನದು, ಎಮ್ಮೆಯದು, ಕುರಿಯದು ಕೂಡ. ಮನುಷ್ಯರಿಗೆ ಜೀವಗಾಜು ಮಾಡುವಾಗ ಅವುಗಳಿಗೂ ಮಾಡಿ. ಅವು ನಮಗಾಗಿ ಸತ್ತದ್ದರಿಂದ ಕಲಿತದ್ದನ್ನು ಅವುಗಳಿಗಾಗಿ ಉಳಿಸಿ.

ಈ ಪತ್ರ ನಿಮ್ಮ ಕೈ ಸೇರುವುದೋ ಇಲ್ಲವೋ, ಸೇರಿದರೂ ಚಂಪಿಗೆ ಅದರಿಂದ ಉಪಯೋಗವಿಲ್ಲ. ಇಂದು ಮಧ್ಯಾಹ್ನ ನಾನು ಮನುಷ್ಯರ ಹನಿಮದ್ದನ್ನೇ ತಂದು, ಚಂಪಿಯ ತೂಕ ನೋಡಿ ಅಂದಾಜಿನ ಮೇಲೆ ಬೆಲ್ಲದ ನೀರಿಗೆ ಬೆರೆಸಿದೆ. ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುವವರು ಯಾರೂ ಇರಲಿಲ್ಲ. ನಾನು ಮಾಡುತ್ತಿರುವುದು ನಾಯಿಯ ಮೇಲಿನ ಪ್ರಯೋಗವೆಂದು ನನಗೆ ಗೊತ್ತಿತ್ತು, ಚಂಪಿಗೆ ಗೊತ್ತಿರಲಿಲ್ಲ. ಚಮಚ ಹಿಡಿದವಳು ನಾನೆಂದು ಕಂಡದ್ದೇ ಮೂಸಿಯೂ ನೋಡದೆ ನೆಕ್ಕಿತು. ಬಾಲ ಆಡಿಸಲು ಹೋಯಿತು, ಆಗಲಿಲ್ಲ. ಈಗ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿದೆ, ಉಸಿರು ಬಿಸಿಯಾಗಿದೆ.

ನಿಮ್ಮನ್ನು ಬೈಯುವ ಬಾಯಿ ನನಗಿನ್ನು ಉಳಿದಿಲ್ಲ. ಒಂದನ್ನು ಮಾತ್ರ ಕೇಳಬೇಕೆನಿಸುತ್ತದೆ: ನಿಮ್ಮ ನಾಯಿಗಳೂ ಹೀಗೇ ನಂಬಿ ನೆಕ್ಕುತ್ತಿದ್ದವೇ?

ಸುಗಲಾ