ಮೂರು ತಲೆಯ ಆನೆಯ ಬಾಯಿ

ಮಂಡಲೆ, ಬುಧವಾರ

ಅಮ್ಮಾ,

ಒಬ್ಬರಾದ ಮೇಲೊಬ್ಬರು ರಾಜರು ಗೆದ್ದು ಹೊತ್ತೊಯ್ದ ನಮ್ಮ ಅಂಗ್ಕೋರಿನ ಮೂರು ತಲೆಯ ಕಂಚಿನ ಆನೆ ಇಲ್ಲಿ ಬುದ್ಧನ ಗುಡಿಯಲ್ಲಿದೆ. ಧೂಪದ ಹೊಗೆಯಲ್ಲಿ ಇನ್ನೂ ನಡೆಯುತ್ತಲೇ ಇದೆಯೇನೋ ಅನಿಸುತ್ತದೆ. ತಮಗೆ ಎಲ್ಲಿ ನೋವೋ ಅದರ ಮೈಯಲ್ಲೂ ಅದೇ ಜಾಗವನ್ನು ಉಜ್ಜಿದರೆ ವಾಸಿಯಾಗುತ್ತದಂತೆ. ಜನ ಉಜ್ಜಿ ಉಜ್ಜಿ ಮೊಣಕಾಲುಗಳು ಬೆಳದಿಂಗಳಂತೆ ಹೊಳೆಯುತ್ತಿವೆ. ಮಾತು ನಿಂತುಹೋದ ಅಜ್ಜಿಗಾಗಿ ನಿನ್ನೆ ಮಧ್ಯಾಹ್ನ ನಾನು ಮೂರು ಬಾಯಿಗಳನ್ನೂ ಉಜ್ಜಿದೆ.

ಹೂ ಮಾರುವ ಮುದುಕಿ ಗದರಿದಳು: "ನೋವಿದ್ದೋರೇ ಉಜ್ಜಬೇಕು ಕಣೇ! ನಿಮ್ಮಜ್ಜಿ ಯಾರೂಂತ ಇದಕ್ಕೆ ಹೆಂಗೆ ಗೊತ್ತಾಗುತ್ತೆ?"

"ಇದು ನಮ್ಮೂರ ಆನೆ ಕಣಜ್ಜಿ, ಗೊತ್ತಾಗುತ್ತೆ," ಅಂದೆ. ಅವಳು ನಕ್ಕು, ನನ್ನ ಕೈಮೇಲೆ ಕೈಯಿಟ್ಟು ತಾನೂ ಉಜ್ಜಿದಳು.

ಆನೆಯ ಪಕ್ಕದಲ್ಲೇ ಇರುವ ಕಂಚಿನ ಸಿಂಹದ ಹೊಟ್ಟೆ ಉಜ್ಜಿದ್ದಕ್ಕೋ ಏನೋ, ನನ್ನ ಹೊಟ್ಟೆನೋವು ಹೋಗಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಮಂಗಳವಾರ ಮಧ್ಯಾಹ್ನ ಅಜ್ಜಿ ಏನಾದರೂ ಅಂದಳೇ? ಬೈದಿದ್ದರೂ ಸರಿ, ಅದನ್ನೇ ಬರೆ.

ಕೊಲ್ಯಾನ್